ಶತ್ರುವಿನ ಪ್ರೊಸೆಸರ್

ಮಹಡಿಯ ಮೇಲಿನ ನಿನ್ನ ಕೋಣೆಯಿಂದ,
ಬುಧವಾರ, ಇಪ್ಪತ್ತೆಂಟನೇ ತಾರೀಕು, ಬೆಳಗಿನ ಹತ್ತೂವರೆ

ಪ್ರೀತಿಯ ತಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಹೋದ ಸಲ ಫೋನಿನಲ್ಲಿ ‘ಪರವಾಗಿಲ್ಲ’ ಎಂದೆಯಲ್ಲ, ಆ ‘ಪರವಾಗಿಲ್ಲ’ದ ಧಾಟಿ ನನಗೆ ಸರಿ ಕಾಣಲಿಲ್ಲ. ಹಡಗಿನ ಎಂಜಿನ್ನಿಗೆಲ್ಲ ನೀನೇ ಯಜಮಾನ ಅನ್ನಿಸಿಕೊಂಡ ಮೇಲೂ ಆ ಕಬ್ಬಿಣದ ಏಣಿಯನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವ ಹಟ ಯಾಕೆ? ಬಿಸಿನೀರಿನ ಶಾಖ ಕೊಡು. ಮುಲಾಮು ಹಚ್ಚುವುದಾದರೆ ನಿನ್ನ ಹೆಂಡತಿ ಕಟ್ಟಿಕೊಟ್ಟದ್ದನ್ನೇ ಹಚ್ಚು. ಔಷಧಿ ಅಂಗಡಿ ನಡೆಸುವವಳನ್ನು ಮದುವೆಯಾಗಿ ಅಷ್ಟೂ ಪ್ರಯೋಜನ ಪಡೆಯದಿದ್ದರೆ ಹೇಗೆ? ಅವಳು ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ರಕ್ತದೊತ್ತಡ ಒಂದನ್ನು ಬಿಟ್ಟು. ಅದು ಏರಿದ್ದಕ್ಕೆ ಕಾರಣವನ್ನು ಮುಂದೆ ಬರೆಯುತ್ತೇನೆ. ಅಕ್ಕ ಫೋನಿನಲ್ಲಿ ನಾಲ್ಕು ಸಾಲು ಕಳಿಸುವುದು ಬಿಟ್ಟು ಕಾಗದ ಯಾಕೆ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ಬರೆಯಲು ಕೂತರೆ ಅದು ನನ್ನ ಕಾಗುಣಿತ ತಿದ್ದಲು ಬರುತ್ತದೆ. ಮೂವತ್ತೊಂದು ವರ್ಷ ಅಚ್ಚುಮನೆಯಲ್ಲಿ ಕೂತು ಕಂಡಕಂಡವರ ಕಾಗುಣಿತ ತಿದ್ದಿದವಳಿಗೆ ಅಂಗೈಯಗಲದ ಯಂತ್ರವೊಂದು ಪಾಠ ಹೇಳುವುದನ್ನು ನಾನು ಸಹಿಸಲಾರೆ. ನಿಮ್ಮ ಕಂಪನಿಯ ಕಚೇರಿಗೆ ಕೊಟ್ಟರೆ ಕಾಗದವನ್ನು ಮುಂದಿನ ಬಂದರಿಗೆ ಮುಟ್ಟಿಸುತ್ತಾರಂತೆ. ಮುಟ್ಟಿಸಲಿ.

ವಿಷಯ ನಿನ್ನ ಕಂಪ್ಯೂಟರಿನದು. ಗಾಬರಿಯಾಗಬೇಡ, ಏನೂ ಒಡೆದಿಲ್ಲ, ಏನೂ ಸುಟ್ಟಿಲ್ಲ. ಅದರ ಪ್ರೊಸೆಸರ್ ಬದಲಾಯಿಸುವುದು ಸಾರ್ಥಕವೋ ವ್ಯರ್ಥವೋ ಎಂಬುದು ಪ್ರಶ್ನೆ. ನೀನೇ ಒಂದೊಂದು ಭಾಗ ಹುಡುಕಿ ತಂದು ಜೋಡಿಸಿದ ಯಂತ್ರ, ನಿನ್ನನ್ನು ಕೇಳದೆ ಅದರ ಹೊಟ್ಟೆ ಬಗೆಯಬಾರದು ಎಂಬಷ್ಟು ವಿವೇಕ ನನಗಿದೆ. ಆದರೆ ಇದು ಬರಿಯ ಬಿಡಿಭಾಗದ ಮಾತಲ್ಲ. ಇಪ್ಪತ್ತಮೂರು ವರ್ಷದ ಹಳೆಯ ಮಾತು ಇದರಲ್ಲಿ ಸೇರಿಕೊಂಡಿದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ, ಸಾವಧಾನವಾಗಿ ಓದು.

ನಾನು ನಿವೃತ್ತಳಾದಾಗ ನೀನೇ ಅಲ್ಲವೇ ಈ ಕುರ್ಚಿಯಲ್ಲಿ ಕೂರಿಸಿ, ‘ಅಕ್ಕಾ, ಇದನ್ನು ಆಡು, ಹೊತ್ತು ಹೋದದ್ದೇ ತಿಳಿಯಲ್ಲ’ ಎಂದದ್ದು? ಅದೇ ಆಟ. ನದಿಯ ಆಚೆಗೊಂದು ಈಚೆಗೊಂದು ಕೋಟೆ, ಸುತ್ತ ಹೊಲ, ಕಣಜ, ಕಾಡು. ಕಾಳು ಬೆಳೆದು ಸೈನ್ಯ ಕಟ್ಟಬೇಕು, ಎದುರಿನವರ ಕೋಟೆ ಹಿಡಿಯಬೇಕು. ಮೊದಲು ಕಂಪ್ಯೂಟರಿನ ಜೊತೆ ಆಡಿದೆ, ಆಮೇಲೆ ಕನ್ನಡದಲ್ಲೇ ಮಾತಾಡಿಕೊಂಡು ಆಡುವ ಗುಂಪೊಂದು ಸಿಕ್ಕಿತು. ನಲವತ್ತು ಜನ ಇದ್ದಾರೆ. ಯಾರು ಎಲ್ಲಿಯವರೋ, ಮುಖ ಕಂಡವರಿಲ್ಲ. ಹೆಸರು ಇಟ್ಟುಕೊಳ್ಳಿ ಎಂದಾಗ ನನ್ನ ಹಳೆಯ ಕೆಲಸಕ್ಕೆ ತಕ್ಕಂತೆ ‘ಕರಡು’ ಎಂದು ಕೊಟ್ಟೆ. ಅಚ್ಚಿಗೆ ಹೋಗುವ ಮೊದಲು ತಿದ್ದುವ ಹಾಳೆಗೆ ಕರಡು ಎನ್ನುತ್ತಾರೆಂದು ಈಗ ಯಾರಿಗೆ ಗೊತ್ತು? ಎಲ್ಲರೂ ಅದನ್ನು ಕರಡಿ ಎಂದೇ ಓದಿಕೊಂಡರು. ‘ಬಂತಪ್ಪಾ ಕರಡಿ’, ‘ಕರಡಿ ಸರ್, ಸ್ವಲ್ಪ ದಯೆ ತೋರಿಸಿ’ ಎನ್ನುತ್ತಾರೆ. ನಾನು ಮೈಕು ಹಚ್ಚುವವಳಲ್ಲ, ಬರೆದು ಉತ್ತರಿಸುವವಳು. ಸರ್ ಎಂದೇ ಇರಲಿ ಎಂದು ಸುಮ್ಮನಿದ್ದೆ. ಜೀವಮಾನದಲ್ಲಿ ನಾನು ತಿದ್ದದೆ ಬಿಟ್ಟ ತಪ್ಪು ಇದೊಂದೇ.

ಮೂರು ತಿಂಗಳ ಹಿಂದೆ ಗುಂಪಿಗೆ ಹೊಸಬನೊಬ್ಬ ಬಂದ. ಇಟ್ಟುಕೊಂಡ ಹೆಸರು ದಳಪತಿ. ಬಂದ ದಿನವೇ ಎಲ್ಲರಿಗೂ ಆಟ ಹೇಳಿಕೊಡಲು ಶುರುಮಾಡಿದ. ‘ಶತೃವಿನ ಕೋಟೆಗೆ ಎಡದಿಂದ ನುಗ್ಗಬೇಕು’, ‘ಶತೃವಿಗೆ ಉಸಿರಾಡಲು ಬಿಡಬಾರದು’ ಎಂದು ಬರೆಯುತ್ತಾನೆ. ಓದಿದ ಕೂಡಲೇ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಮೇಜಿನ ಮೇಲೆ ಕೆಂಪು ಪೆನ್ನು ಹುಡುಕಿತು. ಆ ಪದವನ್ನು ತಪ್ಪಾಗಿ ಬರೆಯುವವರು ಲಕ್ಷ ಜನ ಇದ್ದಾರೆ, ಒಪ್ಪುತ್ತೇನೆ. ಪಿತೃ, ಮಾತೃ, ಭ್ರಾತೃ ಎಂದು ಬರೆದ ಕೈ ಅದೇ ಓಟದಲ್ಲಿ ಶತ್ರುವಿಗೂ ಒಂದು ಋಕಾರ ತಗುಲಿಸಿ, ವೈರಿಯನ್ನು ಕರೆತಂದು ತಂದೆತಾಯಿ ಅಣ್ಣತಮ್ಮಂದಿರ ಸಾಲಿನಲ್ಲಿ ಕೂರಿಸಿಬಿಡುತ್ತದೆ. ಹಾಗಾಗಿ ಅಷ್ಟಕ್ಕೇ ನಾನು ಏನೂ ತೀರ್ಮಾನಿಸಲಿಲ್ಲ. ಮರುವಾರ ಅವನು ಮೈಕು ಹಚ್ಚಿ ಮಾತಾಡಿದ. ಮೊದಲು ಗಂಟಲು ಸರಿಮಾಡಿಕೊಂಡ, ಒಂದು ಉದ್ದ ಕೆಮ್ಮು, ಒಂದು ಗಿಡ್ಡ ಕೆಮ್ಮು. ಆಮೇಲೆ ಯಾರಿಗೋ ನದಿ ದಾಟುವ ಉಪಾಯ ವಿವರಿಸಿ, ಕೊನೆಗೆ ‘ತಿಳೀತಾ? ಮುಂದೆ’ ಎಂದ. ತಮ್ಮಾ, ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಇಷ್ಟೂ ಸಾಲದು ಎಂಬಂತೆ ಅವನೇ ಹೇಳಿಕೊಂಡ, ‘ನಾನು ಸುಮ್ಮನೆ ಮಾತಾಡೋನಲ್ಲ, ಅಷ್ಟು ವರ್ಷ ಪುಸ್ತಕ ಅಚ್ಚು ಹಾಕಿಸಿದೋನು’ ಎಂದು. ನಮ್ಮ ಅಚ್ಚುಮನೆಯ ಮ್ಯಾನೇಜರ್. ಸಾಕ್ಷಾತ್ ಅವನೇ.

ನಿನಗೆ ಆ ಮಕ್ಕಳ ಪದಕೋಶದ ಕಥೆ ಅರ್ಧ ಗೊತ್ತು. ಉಳಿದರ್ಧವನ್ನು ಈಗ ಹೇಳುತ್ತೇನೆ. ಪುಟ ಇನ್ನೂರ ಹದಿನೆಂಟು, ಬಲಗಡೆಯ ಅಂಕಣ, ಮೇಲಿನಿಂದ ನಾಲ್ಕನೆಯ ಪದ. ಅಕ್ಷರ ಜೋಡಿಸುವವರು ‘ಶತೃ’ ಎಂದು ಜೋಡಿಸಿದ್ದರು. ಮೂರನೆಯ ಕರಡಿನಲ್ಲಿ ನಾನು ಕೆಂಪಿನಲ್ಲಿ ಹೊಡೆದು ‘ಶತ್ರು’ ಎಂದು ಅಂಚಿನಲ್ಲಿ ಬರೆದೆ. ಅವನು ನನ್ನ ತಿದ್ದುಪಡಿಯ ಮೇಲೆ ನೀಲಿ ಪೆನ್ಸಿಲ್ಲಿನಿಂದ ಗೀಟು ಎಳೆದು ‘ಇದ್ದಂತೆ ಇರಲಿ’ ಎಂದು ಬರೆದ. ನಾನು ಎದ್ದು ಅವನ ಗಾಜಿನ ಕೋಣೆಗೆ ಹೋಗಿ ಹೇಳಿದೆ, ನಿಘಂಟು ತೆಗೆದು ತೋರಿಸಲು ಹೋದೆ. ಅವನು ನಿಘಂಟನ್ನು ಮುಚ್ಚಿ, ‘ಹಾಗಾದರೆ ನಾನು ಇಷ್ಟು ವರ್ಷ ಬರೆದದ್ದೆಲ್ಲ ತಪ್ಪೇನಮ್ಮಾ? ಅವಸರದ ಕೆಲಸ ಇದು. ತಿಳೀತಾ? ಮುಂದೆ’ ಎಂದ. ಪುಸ್ತಕ ಅಚ್ಚಾಯಿತು, ಶಾಲೆಗಳಿಗೆ ಹೋಯಿತು. ಮೇಷ್ಟರುಗಳಿಂದ ಕಾಗದಗಳು ಬಂದವು, ಮಕ್ಕಳಿಗೆ ಪದ ಕಲಿಸುವ ಪುಸ್ತಕದಲ್ಲೇ ಹೀಗಾದರೆ ಹೇಗೆ ಎಂದು. ಅಚ್ಚುಮನೆಯ ಮಾಲೀಕರು ಬಂದು ಕೂತರು. ಮೂರನೆಯ ಕರಡಿನ ಕಟ್ಟು ತರಿಸಿ ನೋಡಿ ಎಂದೆ. ಕಟ್ಟು ಕಾಣೆಯಾಗಿತ್ತು. ಎರಡನೆಯ ಕರಡು ಇತ್ತು, ನಾಲ್ಕನೆಯದು ಇತ್ತು, ಮೂರನೆಯದು ಮಾತ್ರ ಇಲ್ಲ. ಅವನು ಮಾಲೀಕರ ಎದುರಿಗೆ ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟು, ‘ಬರೀರಿ, ನಾನು ಹೇಳ್ತೀನಿ’ ಎಂದ. ‘ಶತ್ರು ಎಂದಿರಬೇಕಾದ ಪದ ತಪ್ಪಾಗಿ ಅಚ್ಚಾದದ್ದು ಕೇವಲ ನನ್ನ ಅಜಾಗರೂಕತೆಯಿಂದ. ಇದರಲ್ಲಿ ಬೇರೆ ಯಾರ ಪಾತ್ರವೂ ಇಲ್ಲ. ಇನ್ನು ಮುಂದೆ ಕಣ್ಣು ತೆರೆದು ಕೆಲಸ ಮಾಡುತ್ತೇನೆ.’ ಒಂದೊಂದು ವಾಕ್ಯಕ್ಕೂ ‘ತಿಳೀತಾ? ಮುಂದೆ’. ಆ ಹಾಳೆಯನ್ನು ರಜೆಯ ಪಟ್ಟಿಯ ಪಕ್ಕದಲ್ಲಿ ಸೂಚನಾ ಫಲಕಕ್ಕೆ ಚುಚ್ಚಿದ. ಮೂವತ್ತನಾಲ್ಕು ದಿನ ಅದು ಅಲ್ಲಿತ್ತು. ರಜೆ ನೋಡಲು ಬಂದವರೆಲ್ಲ ನನ್ನ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದೂ ನೋಡಿಕೊಂಡು ಹೋದರು.

ಎದ್ದು ಬರಬಹುದಿತ್ತಲ್ಲ ಎಂದು ನೀನು ಕೇಳಬಹುದು. ಆಗ ನಿನ್ನ ತರಬೇತಿಯ ಎರಡನೆಯ ವರ್ಷ, ಅಪ್ಪ ಹಾಸಿಗೆ ಹಿಡಿದಿದ್ದರು, ಮನೆಗೆ ನನ್ನ ಕೆಲಸವೇ ದಿಕ್ಕು. ನಿನ್ನ ತಲೆಯ ಮೇಲೆ ಇದನ್ನು ಹೊರಿಸಲು ಬರೆಯುತ್ತಿಲ್ಲ, ದೇವರಾಣೆ. ಅವನು ಏನನ್ನು ಲೆಕ್ಕ ಹಾಕಿಕೊಂಡು ಆ ಹಾಳೆ ಇಟ್ಟನೆಂದು ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ನನ್ನನ್ನು ಈಗಲೂ ಉರಿಸುವುದು ಇನ್ನೊಂದು. ನನ್ನಿಂದ ತಪ್ಪೊಪ್ಪಿಗೆ ಬರೆಸಿಕೊಂಡವನು ಆ ತಪ್ಪನ್ನು ಬಿಟ್ಟನೇ? ಇಲ್ಲ! ಇವತ್ತಿಗೂ ಹಾಗೆಯೇ ಬರೆಯುತ್ತಿದ್ದಾನೆ. ಅಂದರೆ ಆ ದಿನ ಅವನು ಹೇಳಿಬರೆಸಿದ ಮಾತು ಅವನ ಕಿವಿಗೇ ಬಿದ್ದಿರಲಿಲ್ಲ. ನಿನ್ನ ಹೆಂಡತಿ ಇದನ್ನೆಲ್ಲ ಕೇಳಿ, ‘ಅಲ್ಲ ಅಕ್ಕಾ, ಇಷ್ಟು ವರ್ಷ ಆದ್ಮೇಲೂನಾ? ಬಿಟ್ಟುಬಿಡಬಾರದಾ?’ ಎಂದಳು. ಬಿಡಬೇಕಾದವಳು ನಾನಲ್ಲ, ಅವನು ಹಿಡಿದುಕೊಂಡಿರುವುದು ನನ್ನ ಹೆಸರನ್ನು, ಮೊದಲು ಅವನು ಬಿಡಲಿ ಎಂದೆ. ಅವಳು ನನ್ನ ಕೈಗೆ ರಕ್ತದೊತ್ತಡದ ಪಟ್ಟಿ ಸುತ್ತಿ, ಗಾಳಿ ತುಂಬಿ, ಅಂಕಿ ನೋಡಿ ಉಪ್ಪಿನಕಾಯಿಯ ಭರಣಿ ಎತ್ತಿಟ್ಟಳು.

ಈಗ ಗುಂಪಿನ ಪದ್ಧತಿಯೊಂದನ್ನು ಹೇಳಬೇಕು. ತಿಂಗಳ ಕೊನೆಯ ಭಾನುವಾರ ಯಾರು ಯಾರನ್ನು ಬೇಕಾದರೂ ಪಂದ್ಯಕ್ಕೆ ಕರೆಯಬಹುದು. ಸೋತವರು, ಗೆದ್ದವರು ಹೇಳಿದ್ದನ್ನು ಹಾಳೆಯ ಮೇಲೆ ಕೈಯಾರೆ ಬರೆದು, ಅದರ ಫೋಟೋವನ್ನು ಗುಂಪಿನಲ್ಲಿ ಹಾಕಬೇಕು. ಒಂದು ತಿಂಗಳು ತೆಗೆಯುವಂತಿಲ್ಲ. ಸಾಮಾನ್ಯವಾಗಿ ‘ನಾನು ಸೋತ ಕತ್ತೆ, ನನ್ನನ್ನು ಗೆದ್ದದ್ದು ಆನೆ’ ಎಂಬಂಥ ಹುಡುಗಾಟ. ಈ ಪದ್ಧತಿ ನೆನಪಾದ ಗಳಿಗೆಯಿಂದ ನನಗೆ ಬೇರೆ ಯೋಚನೆಯೇ ಇಲ್ಲವಾಯಿತು. ಹೇಳಿ ಬರೆಸಿದವನಿಗೆ ಹೇಳಿ ಬರೆಸಬೇಕು! ಕರೆಯುವ ಮೊದಲು ಅಂದಾಜು ಸಿಗಲೆಂದು ಅವನೊಡನೆ ಮೂರು ಅಭ್ಯಾಸದ ಆಟ ಆಡಿದೆ. ಮೂರರಲ್ಲೂ ಸೋತೆ. ಮೂರು ಸಲವೂ ಒಂದೇ ಜಾಗ: ಎರಡು ಸೈನ್ಯಗಳು ನದಿಯ ಹತ್ತಿರ ಮುಖಾಮುಖಿ ಆಗುತ್ತಿದ್ದಂತೆ ಪರದೆಯ ಚಿತ್ರ ತಡವರಿಸಲು ತೊಡಗುತ್ತದೆ. ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ, ಮತ್ತೆ ಒಂದು ಹೆಜ್ಜೆ. ಅವನು ಮೈಕಿನಲ್ಲಿ, ‘ಕರಡಿ ಅವರೇ, ಆ ಡಬ್ಬ ಗುಜರಿಗೆ ಹಾಕಿ, ಪ್ರೊಸೆಸರ್ ಆದರೂ ಬದಲಾಯಿಸಿ ಸ್ವಾಮೀ’ ಎಂದು ನಗುತ್ತಾನೆ. ನಿನ್ನ ಕೈಯಾರೆ ಕಟ್ಟಿದ ಯಂತ್ರಕ್ಕೆ ಡಬ್ಬ ಎಂದ. ಅದನ್ನೂ ಬರೆದಿಟ್ಟುಕೊಂಡಿದ್ದೇನೆ. ಆದರೆ ಒಳಗೊಳಗೇ ಸಮಾಧಾನವೂ ಆಯಿತು: ಸೋತದ್ದು ನಾನಲ್ಲ, ಪ್ರೊಸೆಸರ್.

ತಿರುಪುವನ್ನು ಕರೆಸಿದೆ. ಅವನೇ, ಹಲ್ಲಿನ ಡಾಕ್ಟರ ಕೆಳಗಿನ ಕಂಪ್ಯೂಟರ್ ರಿಪೇರಿ ಅಂಗಡಿಯವನು, ಶರ್ಟಿನ ಜೇಬಿನಲ್ಲಿ ಯಾವಾಗಲೂ ತಿರುಪುಗಳನ್ನು ಗಲಗಲ ಅನ್ನಿಸುತ್ತ ಬರುವವನು. ನಿನ್ನ ಯಂತ್ರ ನೋಡಿ, ‘ಎಷ್ಟು ನೀಟಾಗಿ ವೈರ್ ಕಟ್ಟಿದಾರೆ ನೋಡಿ ಮೇಡಂ, ಜಡೆ ಹೆಣೆದಂಗೆ’ ಎಂದ. ಆಟವನ್ನು ಓಡಿಸಿ, ಪರದೆಯ ಮೂಲೆಯಲ್ಲಿ ಏನೇನೋ ಅಂಕಿ ಬರುವ ಹಾಗೆ ಮಾಡಿ ತೋರಿಸಿದ. ‘ಇಲ್ಲಿ ನೋಡಿ, ಗ್ರಾಫಿಕ್ಸ್ ಕಾರ್ಡು ಕಾಲ ಮೇಲೆ ಕಾಲು ಹಾಕಿ ಕೂತಿದೆ, ಪ್ರೊಸೆಸರ್ ಬೆವರು ಸುರಿಸ್ತಿದೆ. ಗುಂಡು ಹಾರಿಸೋ ಆಟ ಆಗಿದ್ರೆ ಚಿತ್ರದ ಕೆಲಸ ಜಾಸ್ತಿ, ಈ ಪ್ರೊಸೆಸರೇ ಧಾರಾಳ ಸಾಕಿತ್ತು. ನಿಮ್ಮದು ಸೈನ್ಯದ ಆಟ. ಒಬ್ಬೊಬ್ಬ ಸೈನಿಕ ಎಲ್ಲಿಗೆ ಹೋಗಬೇಕು, ಯಾರನ್ನು ಹೊಡೀಬೇಕು ಅಂತ ಇದೇ ಯೋಚನೆ ಮಾಡ್ಬೇಕು.’ ಹಾಗಾದರೆ ಬದಲಾಯಿಸಪ್ಪ ಎಂದೆ. ಅವನು ತಲೆ ಕೆರೆದುಕೊಂಡ. ‘ಹೊಸ ಪ್ರೊಸೆಸರ್ ತರೋದು ಅಂದ್ರೆ ಮನೆಗೆ ಹೊಸ ಅಳಿಯನ್ನ ಕರೆದಂಗೆ ಮೇಡಂ, ಅವನೊಬ್ಬನೇ ಬರಲ್ಲ. ಅವನು ಕೂರೋಕೆ ಈ ಬೋರ್ಡು ಆಗಲ್ಲ, ಬೋರ್ಡು ಬಂದ್ರೆ ಈ ಮೆಮೊರಿ ಆಗಲ್ಲ. ಕೊನೆಗೆ ಹಳೇದು ಅಂತ ಉಳಿಯೋದು ಡಬ್ಬಿ ಮಾತ್ರ.’ ಇನ್ನೊಂದು ದಾರಿಯೂ ಇದೆಯಂತೆ: ಇದೇ ಬೋರ್ಡಿಗೆ ಕೂರುವ, ಇದೇ ಪೀಳಿಗೆಯ, ಆದರೆ ಎಲ್ಲಕ್ಕಿಂತ ಗಟ್ಟಿಯಾದ ಒಂದು ಪ್ರೊಸೆಸರ್. ಅದನ್ನು ಈಗ ತಯಾರಿಸುವುದಿಲ್ಲ, ಯಾರಾದರೂ ಬಳಸಿ ಬಿಟ್ಟದ್ದು ಸಿಗಬೇಕು. ‘ಅದು ಸಿಕ್ಕಿದ್ರೆ ಮಾತ್ರ ಬದಲಾಯಿಸಿ. ಇಲ್ಲಾಂದ್ರೆ ಸುಮ್ಮನಿರಿ.’

ಅವನು ಹೊರಡುವಾಗ ಇನ್ನೊಂದು ಮಾತು ಹೇಳಿದ, ಅದು ನನ್ನ ಎದೆಗೆ ನಾಟಿತು. ನನ್ನ ಯಂತ್ರ ನಿಧಾನವಾದ್ದರಿಂದ ಅವನು ಗೆಲ್ಲುತ್ತಿದ್ದಾನಲ್ಲ ಎಂದದ್ದಕ್ಕೆ ತಿರುಪು ನಕ್ಕುಬಿಟ್ಟ. ‘ಅದು ಹಂಗಲ್ಲ ಮೇಡಂ. ಇದು ಕೈ ಕೈ ಹಿಡ್ಕೊಂಡು ನಡೆಯೋ ಆಟ. ಒಬ್ಬರು ಕುಂಟಿದ್ರೆ ಇನ್ನೊಬ್ಬರೂ ನಿಂತು ಕಾಯ್ಬೇಕು. ನಿಮ್ಮಲ್ಲಿ ಎಷ್ಟು ತಡವರಿಸ್ತದೋ ಅವರಲ್ಲೂ ಅಷ್ಟೇ ತಡವರಿಸ್ತದೆ. ಇಲ್ಲಾಂದ್ರೆ ಅವರ್ಯಾಕೆ ನಿಮ್ಮ ಪ್ರೊಸೆಸರ್ ಬಗ್ಗೆ ಅಷ್ಟು ತಲೆ ಕೆಡಿಸ್ಕೊಳ್ತಾರೆ?’ ಅವನು ಮೆಟ್ಟಿಲು ಇಳಿದು ಹೋದ ಮೇಲೆ ಲೆಕ್ಕ ಹಾಕಿದೆ. ಅಂದರೆ ನಾನು ಸೋತದ್ದು ಸೋತದ್ದೇ. ತಪ್ಪನ್ನು ಬೇರೆಯವರ ಮೇಲೆ ಹಾಕಿದವನ ಮೇಲೆ ಹಲ್ಲು ಮಸೆಯುತ್ತ ನಾನೂ ಮೂರು ಸೋಲನ್ನು ಒಂದು ಲೋಹದ ಬಿಲ್ಲೆಯ ಮೇಲೆ ಹಾಕಿದ್ದೆ.

ಮರುದಿನ ಬೆಳಿಗ್ಗೆ ಕನ್ನಡಕ ಒರೆಸಿಕೊಂಡು ಕೂತು ಆ ಮೂರು ಆಟಗಳನ್ನೂ ಮತ್ತೆ ನೋಡಿದೆ. ಆಡಿದ್ದೆಲ್ಲ ದಾಖಲಾಗಿ ಉಳಿದಿರುತ್ತದಲ್ಲ. ಕರಡು ಓದುವ ಹಾಗೆಯೇ ನೋಡಿದೆ: ಒಂದು ಸಲ ನನ್ನ ಕಡೆಯದು ಮಾತ್ರ, ಒಂದು ಸಲ ಅವನ ಕಡೆಯದು ಮಾತ್ರ, ಒಂದು ಸಲ ಹಿಂದಿನಿಂದ ಮುಂದಕ್ಕೆ. ಮೂರನೆಯ ದಿನ ಸಿಕ್ಕಿತು. ಚಿತ್ರ ತಡವರಿಸಲು ಶುರುವಾದ ಕೂಡಲೇ ಅವನಿಗೆ ತಾಳ್ಮೆ ಹೋಗುತ್ತದೆ. ಕೋಟೆ ಕಾಯುವವರು, ಕಣಜ ಕಾಯುವವರು, ಎಲ್ಲರನ್ನೂ ಬಾಚಿ ಒಟ್ಟಿಗೆ ನದಿಯ ಕಡೆಗೆ ಅಟ್ಟುತ್ತಾನೆ. ನಾನೂ ಹೆದರಿ ನನ್ನವರನ್ನೆಲ್ಲ ನದಿಗೇ ತರುತ್ತಿದ್ದೆ, ಅಲ್ಲಿ ಅವನ ಕೈ ಮೇಲಾಗುತ್ತಿತ್ತು. ಅವನ ಹಿತ್ತಲು ಖಾಲಿ ಬಿದ್ದಿರುವುದನ್ನು ನೋಡಿದವರೇ ಇಲ್ಲ. ಎದುರಿಗೆ ಹಿಡಿದ ನಿಘಂಟನ್ನೂ ನೋಡದೆ ಅಚ್ಚಿಗೆ ಕಳಿಸುವ ಮನುಷ್ಯ ಇನ್ನು ಹೇಗೆ ಆಡಿಯಾನು? ಆವತ್ತೇ ಗುಂಪಿನಲ್ಲಿ ಬರೆದೆ: ‘ದಳಪತಿಯವರಿಗೆ ಭಾನುವಾರ ನಾಲ್ಕು ಗಂಟೆಗೆ ಕರೆ. ಸೋತವರು ಬರೆಯತಕ್ಕದ್ದು.’ ಅವನ ಉತ್ತರ: ‘ಶತೃವಿಗೆ ಸ್ವಾಗತ.’

ಭಾನುವಾರ ನಿನ್ನ ಹೆಂಡತಿ ಅಂಗಡಿ ಮುಚ್ಚಿ ಬಂದು ಮಂಚದ ತುದಿಯಲ್ಲಿ ಕೂತಳು, ಪಟ್ಟಿಯನ್ನೂ ಪಂಪನ್ನೂ ತೊಡೆಯ ಮೇಲಿಟ್ಟುಕೊಂಡು. ಈಗ ನಾನು ಬರೆಯುವುದನ್ನು ಮುಚ್ಚಿಡಬಹುದಿತ್ತು, ಮುಚ್ಚಿಡುವುದಿಲ್ಲ. ನನಗೆ ಬೇಕಾದದ್ದು ಅರವತ್ತು ಕುದುರೆ ಸವಾರರು. ಕಟ್ಟಿದ್ದು ಅವರ ಜೊತೆಗೆ ಎಂಟುನೂರು ಕಾಲಾಳು. ಆ ಎಂಟುನೂರು ಜನ ಕತ್ತಿ ಎತ್ತಲಿ ಎಂದು ಕಟ್ಟಲಿಲ್ಲ. ನಿನ್ನ ಪ್ರೊಸೆಸರಿಗೆ ಉಸಿರುಗಟ್ಟಲಿ, ಅದರಿಂದ ಅವನಿಗೆ ತಾಳ್ಮೆ ಕೆಡಲಿ ಎಂದು ಕಟ್ಟಿದೆ. ನದಿಯ ದಡದಲ್ಲಿ ಅವರನ್ನು ಸುಮ್ಮನೆ ಆಚೆ ಈಚೆ ನಡೆಸಿದೆ. ಚಿತ್ರ ಹೆಜ್ಜೆಗೊಮ್ಮೆ ನಿಂತಿತು. ‘ಏನ್ರೀ ಕರಡಿ, ಇದೇನು ಆಟಾನಾ ಮೆರವಣಿಗೆನಾ?’ ಎಂದು ಅವನು ಕೂಗಾಡಿದ. ಹತ್ತು ನಿಮಿಷ ತಡೆದ, ಹದಿನೈದು ನಿಮಿಷ ತಡೆದ, ಆಮೇಲೆ ಎಲ್ಲರನ್ನೂ ಬಾಚಿ ನದಿಗೆ ಅಟ್ಟಿದ. ನನ್ನ ಅರವತ್ತು ಸವಾರರು ಕಾಡು ಬಳಸಿ ಅವನ ಹಿತ್ತಲಿಗೆ ಹೋದರು. ಕಣಜಕ್ಕೆ ಬೆಂಕಿ, ಬಾವಿಗೆ ಕಾವಲು, ಕೋಟೆಯ ಬಾಗಿಲು ಹಿಂದಿನಿಂದ. ಐದೂಕಾಲಿಗೆ ಅವನ ಬಾವುಟ ಇಳಿಯಿತು. ನಿನ್ನ ಹೆಂಡತಿ ಮಂಚದ ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದಳು, ಬಿಟ್ಟುಬಿಡಿ ಎಂದಿದ್ದವಳು!

ಅವನು ಸೋತ ಮೇಲೆ ಗತ್ತಿನಿಂದಲೇ, ‘ಏನು ಬರೀಬೇಕೋ ಹೇಳಿ, ಕಾಗದ ಪೆನ್ನು ಸಿದ್ಧ ಇದೆ’ ಎಂದ. ಕೇಳುತ್ತಿದ್ದವರು ಮೂವತ್ತು ಜನ. ನಾನು ಮೊದಲನೆಯ ಸಲ ಮೈಕು ಹಚ್ಚಿದೆ. ಹೆಂಗಸಿನ ದನಿ ಕೇಳಿ ಯಾರೋ ‘ಅಯ್ಯೋ, ಕರಡಿ ಸರ್ ಅಲ್ವಾ!’ ಎಂದರು. ಹೇಳಿದೆ: ‘ಮಕ್ಕಳ ಪದಕೋಶದ ಇನ್ನೂರ ಹದಿನೆಂಟನೆಯ ಪುಟದಲ್ಲಿ ಶತ್ರು ಎಂದಿರಬೇಕಾದ ಪದ ತಪ್ಪಾಗಿ ಅಚ್ಚಾದದ್ದು ಕೇವಲ ನನ್ನ ಅಹಂಕಾರದಿಂದ.’ ಹಳೆಯ ವಾಕ್ಯವೇ. ಅಜಾಗರೂಕತೆ ಎಂದಿದ್ದಲ್ಲಿ ಒಂದು ತಿದ್ದುಪಡಿ, ಅಷ್ಟೆ. ಮುಂದುವರಿಸಿದೆ: ‘ಕರಡು ತಿದ್ದುವವರು ಅದನ್ನು ಸರಿಯಾಗಿಯೇ ಗುರುತಿಸಿದ್ದರು. ಆ ಕರಡನ್ನು ಕಾಣೆಯಾಗಿಸಿದವನು ನಾನು.’ ಆಗ ಅವನು ಮೆಲ್ಲಗೆ, ‘ನೀವಾ?’ ಎಂದ. ನಾನು ‘ತಿಳೀತಾ? ಮುಂದೆ’ ಎಂದೆ. ತಮ್ಮಾ, ಆ ಎರಡು ಪದಗಳ ರುಚಿಯನ್ನು ನಿನಗೆ ಹೇಗೆ ವರ್ಣಿಸಲಿ? ಸಂಜೆಯೆಲ್ಲ ನನ್ನ ನಾಲಿಗೆಯ ಮೇಲೆ ಅದೇ ಇತ್ತು. ಅವನು ಬರೆದ. ಎಲ್ಲವನ್ನೂ ಬರೆದ, ಸಹಿಯನ್ನೂ ಹಾಕಿದ. ಆರು ಗಂಟೆಗೆ ಫೋಟೋ ಏರಿತು.

ಅವನು ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ರಕ್ತದೊತ್ತಡ ಇಳಿದು ನಿನಗೆ ಈ ಕಾಗದ ಓದುವ ಕಷ್ಟ ತಪ್ಪುತ್ತಿತ್ತು. ಏಳು ಗಂಟೆಗೆ ಅವನು ಫೋಟೋದ ಕೆಳಗೆ ಒಂದು ಸಾಲು ಸೇರಿಸಿದ: ‘ಗೆದ್ದದ್ದು ಡಬ್ಬ, ಕರಡಿಯಲ್ಲ. ನಿಯಮ ಇದೆ ಅಂತ ಬರೆದಿದ್ದೇನೆ, ನಿಜ ಅಂತ ಅಲ್ಲ.’ ನೋಡಿದೆಯಾ ಆ ನಾಲಿಗೆ! ಕೆಲವರು ಅದಕ್ಕೆ ನಕ್ಕರು. ಇಬ್ಬರು, ‘ಹೌದು ಮೇಡಂ, ತುಂಬಾ ತಡವರಿಸ್ತಿತ್ತು, ನ್ಯಾಯವಾದ ಪಂದ್ಯ ಅಂತ ಹೇಳೋಕಾಗಲ್ಲ’ ಎಂದು ಬರೆದರು. ಒಪ್ಪಿಕೊಂಡ ತಪ್ಪನ್ನು ಒಂದೇ ಗಂಟೆಯಲ್ಲಿ ವಾಪಸು ನುಂಗಿದ. ಹಾಗೂ, ನಿನ್ನ ಹತ್ತಿರ ಮಾತ್ರ ಹೇಳುತ್ತೇನೆ, ಆ ಎಂಟುನೂರು ಕಾಲಾಳುಗಳ ವಿಷಯದಲ್ಲಿ ಅವನ ಮಾತಿನಲ್ಲಿ ಹುರುಳಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ. ಅದೇ ಹೆಚ್ಚು ಚುಚ್ಚುತ್ತಿದೆ.

ಮರುದಿನ ಅವನಿಂದ ನನಗೊಬ್ಬಳಿಗೇ ಸಂದೇಶ: ‘ಮುಂದಿನ ತಿಂಗಳವರೆಗೆ ಕಾಯೋದು ಬೇಡ, ಶನಿವಾರ ಮೂರಕ್ಕೆ ಮತ್ತೊಮ್ಮೆ ಆಡೋಣ, ಅದೇ ನಿಯಮ. ನಿಮ್ಮ ಯಂತ್ರ ಯಾವ ಕಾಲದ್ದು ಅಂತ ಆಟದಲ್ಲೇ ಕಾಣುತ್ತೆ. ನನ್ನ ಹಳೆಯ ಪ್ರೊಸೆಸರ್ ಅದಕ್ಕೆ ಕೂರುತ್ತೆ, ನಾನು ಹೊಸದು ಹಾಕಿಸಿಕೊಂಡ ಮೇಲ್ಯಾಕೆ ಮೂಲೆಯಲ್ಲಿ ಬಿದ್ದಿರಬೇಕು, ಕಳಿಸ್ತೀನಿ. ನ್ಯಾಯವಾಗಿ ಆಡೋಣ.’ ನ್ಯಾಯವಂತೆ! ಈ ಪದದ ಕಾಗುಣಿತವನ್ನು ಮಾತ್ರ ಅವನು ಸರಿಯಾಗಿ ಬರೆಯುತ್ತಾನೆ. ಮನೆಯ ವಿಳಾಸ ಕೊಡಲು ಮನಸ್ಸು ಬರಲಿಲ್ಲ, ತಿರುಪುವಿನ ಅಂಗಡಿಯದು ಕೊಟ್ಟೆ. ನಿನ್ನೆ ಬಂದಿದೆ. ಅಂಗೈಯೊಳಗೆ ಮುಚ್ಚಿಹೋಗುವ ಚೌಕ, ಕೆಳಗೆ ಸಾವಿರ ಸೂಜಿಕಾಲು. ತಿರುಪು ಭೂತಗನ್ನಡಿಯಲ್ಲಿ ನೋಡಿ, ‘ಇದೇ ಮೇಡಂ ನಾನು ಹೇಳಿದ್ದು, ಒಂದು ಕಾಲೂ ಬಗ್ಗಿಲ್ಲ, ಹುಡುಕಿದ್ರೂ ಸಿಗ್ತಿರಲಿಲ್ಲ’ ಎಂದು ಕುಣಿಯುತ್ತಿದ್ದಾನೆ. ಅವನಿಗೆ ಅದು ಬಂದದ್ದು ಎಲ್ಲಿಂದ ಎಂಬುದು ಮುಖ್ಯವಲ್ಲ. ನನಗೆ ಅದೇ ಮುಖ್ಯ.

ಈಗ ನೀನು ಹೇಳು. ಪ್ರೊಸೆಸರ್ ಹಾಕಿಸಿದರೆ ಚಿತ್ರ ತಡವರಿಸುವುದಿಲ್ಲ, ಅವನ ತಾಳ್ಮೆ ಕೆಡುವುದಿಲ್ಲ, ನನ್ನ ಕೈಯಲ್ಲಿದ್ದ ದೊಡ್ಡ ಆಯುಧವನ್ನು ನಾನೇ ಕೆಳಗಿಟ್ಟ ಹಾಗೆ. ಸೋತರೆ ಅವನು ಏನು ಬರೆಸುತ್ತಾನೆಂದು ಊಹಿಸಬಲ್ಲೆ. ಭಾನುವಾರ ಬರೆಸಿದ್ದೆಲ್ಲ ಸುಳ್ಳು ಎಂದು ನನ್ನ ಕೈಯಿಂದಲೇ ಬರೆಸುತ್ತಾನೆ. ಇನ್ನೊಂದು ಸಲ ಅದೇ ಮನುಷ್ಯ, ಅದೇ ಬಿಳಿ ಹಾಳೆ. ಹಾಕಿಸದಿದ್ದರೆ, ಡಬ್ಬ ಗೆದ್ದಿತು ಎಂಬ ಮಾತು ನಾನಿರುವವರೆಗೂ ನನ್ನ ಗೆಲುವಿನ ಬಾಲಕ್ಕೆ ತಗಲಿಕೊಂಡಿರುತ್ತದೆ. ಇದರ ಮೇಲೆ ಅವನ ಎಂಜಲನ್ನು ನಿನ್ನ ಯಂತ್ರದೊಳಗೆ ಕೂರಿಸುವುದೇ ಎಂಬ ಅಸಹ್ಯ ಬೇರೆ. ನಿನ್ನ ಹೆಂಡತಿ, ‘ಅವರು ಕೊಟ್ಟದ್ದನ್ನ ಅವರ ಮುಖಕ್ಕೇ ಎಸೀರಿ ಅಕ್ಕಾ, ಗೆದ್ದಾಗಿದೆ’ ಎನ್ನುತ್ತಾಳೆ. ತಿರುಪು, ‘ವಸ್ತು ಚೆನ್ನಾಗಿದ್ರೆ ಕೊಟ್ಟೋರ ಮುಖ ಯಾಕೆ ನೋಡ್ಬೇಕು’ ಎನ್ನುತ್ತಾನೆ. ಎಂಜಿನ್ನುಗಳ ಜೊತೆ ಇಷ್ಟು ವರ್ಷ ಕಳೆದವನು ನೀನು, ಈ ಬದಲಾವಣೆ ಮಾಡಿದಷ್ಟಕ್ಕೆ ತಕ್ಕ ಫಲ ಕೊಡುತ್ತದೋ ಇಲ್ಲವೋ ನೋಡಿ ಬರೆ.

ನೀನು ಊಟ ತಪ್ಪಿಸಬೇಡ. ಎಂಜಿನ್ ಸದ್ದಿನಲ್ಲಿ ಕಿವಿಗೆ ಹತ್ತಿಯಾದರೂ ಇಟ್ಟುಕೊ, ಆಮೇಲೆ ನಾನು ಹೇಳುವುದು ನಿನಗೆ ಕೇಳಿಸದಂತಾದರೆ ನನಗೆ ಇನ್ಯಾರಿದ್ದಾರೆ ಬೈಯಲು? ಮೊಣಕಾಲು ನೆಟ್ಟಗಿರಲಿ, ಸಮುದ್ರ ಶಾಂತವಾಗಿರಲಿ, ನಿನ್ನ ಮೇಲಿನವರಿಗೆ ಒಳ್ಳೆಯ ಬುದ್ಧಿ ಬರಲಿ. ನೂರು ಕಾಲ ಸುಖವಾಗಿರು.

ನಿನ್ನ,
ಅಕ್ಕ

ತಾ.ಕ.: ಬುಧವಾರ ಮಧ್ಯಾಹ್ನ ಮೂರು ಗಂಟೆ. ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓರೆಯಾದರೆ ಕ್ಷಮಿಸು. ಈ ಕಾಗದ ನಿನಗೆ ಮುಟ್ಟಲು ಮೂರು ವಾರ ಬೇಕಂತೆ, ಪಂದ್ಯ ಇರುವುದು ಶನಿವಾರ. ಕಾಯಲಾಗಲಿಲ್ಲ. ತಿರುಪುವನ್ನು ಕರೆಸಿ ಹಾಕಿಸಿಬಿಟ್ಟೆ. ನಿನ್ನದನ್ನು ಬಟ್ಟೆಯಲ್ಲಿ ಸುತ್ತಿ ನಿನ್ನ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ, ಬೈಯುವುದಿದ್ದರೆ ಬಂದ ಮೇಲೆ ಬೈ. ಪರೀಕ್ಷೆಗೆಂದು ಸಾವಿರದಿನ್ನೂರು ಜನರನ್ನು ನದಿಗಿಳಿಸಿ ನೋಡಿದೆ, ಒಬ್ಬನೂ ಎಡವಲಿಲ್ಲ. ಶನಿವಾರ ಸೋತರೆ ಬರೆಯಬೇಕಾದ್ದನ್ನು ಬರೆಯುತ್ತೇನೆ, ಹಾಳೆಗೆ ಹೆದರುವ ವಯಸ್ಸು ಮುಗಿಯಿತು. ಆದರೆ ಗೆದ್ದರೆ, ತಮ್ಮಾ, ಅವನದ್ದೇ ಪ್ರೊಸೆಸರಿನಿಂದ ಗೆದ್ದರೆ, ಆ ಮನುಷ್ಯನಿಗೆ ಹೇಳಿಕೊಳ್ಳಲು ಇಡೀ ನಿಘಂಟಿನಲ್ಲಿ ಒಂದು ನೆಪವೂ ಉಳಿಯುವುದಿಲ್ಲ.